ನಲವತ್ತೊಂದನೇ ವಾಸನೆ

ವಿಡಿಯೋಗೆ ವಾಸನೆ ಕೂಡಿಸುವ ವಿದ್ಯೆ ಗಂಧವಾಹ ಎಲೆಕ್ಟ್ರಾನಿಕ್ಸ್ ಕಂಪನಿಗೆ ಕೈಗೂಡಿದ್ದು ಒಂದು ಗುರುವಾರ ಮಧ್ಯಾಹ್ನ. ಅದನ್ನು ಜನರ ಕೈಗೆ ಪೂರ್ತಿಯಾಗಿ ಒಪ್ಪಿಸಲು ಕಂಪನಿ ಗೊತ್ತುಮಾಡಿಕೊಂಡ ಅವಧಿ ಹದಿನಾಲ್ಕು ವರ್ಷ.

ಆ ಗುರುವಾರ ಪ್ರಯೋಗಶಾಲೆಯಲ್ಲಿದ್ದವರಲ್ಲಿ ಮಂದಾಕಿನಿಯೂ ಒಬ್ಬಳು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಅವಳು ಮೈಸೂರಿನ ಹೊರವಲಯದಲ್ಲಿದ್ದ ಆ ಕಂಪನಿಗೆ ಸೇರಿ ಆಗ ಆರು ವರ್ಷ. ಲೋಕದಲ್ಲಿ ವಾಸನೆಗಳು ಲಕ್ಷ ಇರಬಹುದು, ಆದರೆ ತೊಂಬತ್ತಾರು ಮೂಲ ವಾಸನೆಗಳು ಕೈಯಲ್ಲಿದ್ದರೆ ಅವನ್ನೇ ಬೆರೆಸಿ ಮನುಷ್ಯನ ಮೂಗಿಗೆ ಬೇಕಾದದ್ದನ್ನೆಲ್ಲ ಕೊಡಬಹುದು ಎಂದು ತೋರಿಸಿಕೊಟ್ಟವಳೇ ಅವಳು. ಕ್ಯಾಮೆರಾದ ಮೂತಿಯಲ್ಲಿ ಒಂದು ಸಣ್ಣ ಜರಡಿ. ಚಿತ್ರ ತೆಗೆಯುವಾಗ ಅದು ಗಾಳಿಯನ್ನು ಮೂಸಿ, ಯಾವ ವಾಸನೆ ಎಷ್ಟಿದೆ ಎಂದು ಡಿಸ್ಕಿನಲ್ಲಿ ಬರೆದಿಡುತ್ತಿತ್ತು. ಮನೆಯಲ್ಲಿ ಆ ಡಿಸ್ಕನ್ನು ಹಾಕುವ ಪೆಟ್ಟಿಗೆಯೊಳಗೆ ಹನ್ನೆರಡರಂತೆ ಎಂಟು ಸಾಲು, ಒಟ್ಟು ತೊಂಬತ್ತಾರು ಪುಟ್ಟ ಡಬ್ಬಿಗಳು. ಒಂದೊಂದರಲ್ಲೂ ಒಂದೊಂದು ಮೂಲ ವಾಸನೆ. ಪರದೆಯ ಮೇಲೆ ಮಲ್ಲಿಗೆ ಬಂದರೆ ಮಲ್ಲಿಗೆಯ ಡಬ್ಬಿ ಬಿಸಿಯಾಗಿ ಬಾಯಿ ಬಿಡುತ್ತಿತ್ತು, ಒಂದು ಫ್ಯಾನು ಊದುತ್ತಿತ್ತು, ಇದ್ದಿಲಿನ ಒಂದು ಜಾಲರಿ ಹಳೆಯ ವಾಸನೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅಷ್ಟೇ ಯಂತ್ರ.

ಮಾರಾಟದ ಮುಖ್ಯಸ್ಥ ಚಿದಂಬರ್ ಪ್ರಯೋಗಶಾಲೆಗೆ ಬಂದು ಐದು ನಿಮಿಷ ಕಣ್ಣು ಮುಚ್ಚಿ ಕೂತಿದ್ದರು. ಎದ್ದವರೇ, "ಅದ್ಭುತ! ಇದನ್ನ ಯಾರಿಗೂ ಕೊಡೋದು ಬೇಡ" ಎಂದರು.

"ಹಾಗಂದ್ರೆ ಸರ್?"

"ಒಂದೇ ಸಲಕ್ಕೆ ಕೊಡೋದು ಬೇಡ. ಮೊದಲು ಹನ್ನೆರಡು ವಾಸನೆ. ನಾಲ್ಕು ವರ್ಷ ಆದ ಮೇಲೆ ಇಪ್ಪತ್ನಾಲ್ಕರ ಪೆಟ್ಟಿಗೆ. ಒಂಬತ್ತನೇ ವರ್ಷಕ್ಕೆ ನಲವತ್ತೆಂಟು. ತೊಂಬತ್ತಾರು ಹದಿನಾಲ್ಕಕ್ಕೆ. ಪ್ರತಿ ಸಲವೂ ಜನ ಹೊಸ ಪೆಟ್ಟಿಗೆ ಕೊಳ್ತಾರೆ, ತಮ್ಮ ಹಳೇ ಡಿಸ್ಕನ್ನೂ ಹೊಸದಕ್ಕೆ ಬದಲಾಯಿಸಿಕೊಳ್ತಾರೆ."

ನಾಲ್ಕು ನಮೂನೆಯ ಪೆಟ್ಟಿಗೆಗೆ ನಾಲ್ಕು ಅಚ್ಚು ಮಾಡಿಸುವುದು ದುಬಾರಿ. ಆದ್ದರಿಂದ ಅಚ್ಚು ಒಂದೇ ಮಾಡಿಸಿದರು. ಡಬ್ಬಿ ತುಂಬುವ ಯಂತ್ರವೂ ಒಂದೇ. ಹೀಗಾಗಿ ಮೊದಲ ದಿನ ಮಾರಾಟವಾದ ಪೆಟ್ಟಿಗೆಯಲ್ಲೂ ತೊಂಬತ್ತಾರು ವಾಸನೆಗಳಿದ್ದವು. ಹನ್ನೆರಡಕ್ಕೆ ಮಾತ್ರ ಬಾಯಿ ಬಿಡಲು ಅಪ್ಪಣೆ, ಉಳಿದವಕ್ಕೆ ಬೀಗ. ಡಿಸ್ಕಿನ ಕಥೆಯೂ ಅದೇ. ಕ್ಯಾಮೆರಾ ಮೊದಲಿನಿಂದಲೂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದುದರಿಂದ ಡಿಸ್ಕ್ ಬದಲಾಯಿಸುವ ಅಗತ್ಯವೇ ಇರಲಿಲ್ಲ. ಅಂಗಡಿಯವನು ಗಿರಾಕಿಯ ಡಿಸ್ಕನ್ನು ಒಳಗೆ ತೆಗೆದುಕೊಂಡು ಹೋಗಿ, ಹತ್ತು ನಿಮಿಷ ಸುಮ್ಮನೆ ಕೂತು, ಅದನ್ನೇ ಹೊಸ ಕವರಿಗೆ ಹಾಕಿ ತಂದುಕೊಡುತ್ತಿದ್ದ.

ಇದೆಲ್ಲ ಗೊತ್ತಿದ್ದವರು ಕಂಪನಿಯಲ್ಲಿ ಏಳು ಜನ. ಏಳೂ ಜನ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದ್ದರು. ಮಂದಾಕಿನಿಯ ಸಹಿ ಐದನೆಯದು. ಎಲ್ಲ ಕಂಪನಿಗಳೂ ಹೀಗೇ ತಾನೆ ಎಂದುಕೊಂಡು ಹಾಕಿದ್ದಳು.

ಹನ್ನೆರಡರ ಪೆಟ್ಟಿಗೆ ಊರನ್ನೆಲ್ಲ ಹುಚ್ಚು ಹಿಡಿಸಿತು. ಕಾಫಿ, ಮಲ್ಲಿಗೆ, ಕರ್ಪೂರ, ಇಂಗಿನ ಒಗ್ಗರಣೆ, ಮೊದಲ ಮಳೆಯ ಮಣ್ಣು... ಸರಸ್ವತೀಪುರಂನಲ್ಲಿ ಒಬ್ಬ ಮಹಾಶಯ ನೆಂಟರು ಬಂದರೆ ಕಾಫಿ ಸೋಸುವ ವಿಡಿಯೋ ಹಾಕಿ ಕೂರಿಸಿ, "ಇನ್ನೊಂದು ಲೋಟ ಆಗಬಹುದಾ?" ಎಂದು ಕೇಳಿ ಕಳಿಸುತ್ತಿದ್ದನಂತೆ. ಆದರೆ ಸ್ವಲ್ಪ ದಿನದಲ್ಲೇ ದೂರುಗಳು ಬಂದವು. ಪರದೆಯ ಮೇಲೆ ಶ್ರೀಗಂಧ ತೇಯುತ್ತಿದ್ದಾರೆ, ವಾಸನೆಯೇ ಇಲ್ಲ! ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದಾರೆ, ಏನೂ ಇಲ್ಲ! ಸಿನಿಮಾದ ಮಧ್ಯೆ ಮಾತು ನಿಂತುಹೋದ ಹಾಗೆ ಇವು ಜನಕ್ಕೆ ಕಸಿವಿಸಿ ಮಾಡುತ್ತಿದ್ದವು.

ಇಪ್ಪತ್ನಾಲ್ಕರ ಪೆಟ್ಟಿಗೆಯಲ್ಲಿ ಈ ತೊಂದರೆ ಇರಬಾರದೆಂದು ಚಿದಂಬರ್ ಹೇಳಿದಾಗ ಮಂದಾಕಿನಿ ಒಂದು ಉಪಾಯ ಮಾಡಿದಳು. ಬೀಗ ಹಾಕಿರುವ ವಾಸನೆ ಬರಬೇಕಾದ ಕಡೆ, ತೆರೆದಿರುವುದರಲ್ಲೇ ಅದಕ್ಕೆ ಹತ್ತಿರವಾದದ್ದು ಬರಲಿ. ಒಂದು ಮಧ್ಯಾಹ್ನ ಕೂತು ಪಟ್ಟಿ ಬರೆದಳು. ಪ್ರಯೋಗಶಾಲೆಯವರು ಅದಕ್ಕೆ 'ನೆಂಟರ ಪಟ್ಟಿ' ಎಂದು ಹೆಸರಿಟ್ಟರು. ಶ್ರೀಗಂಧಕ್ಕೆ ಪೆನ್ಸಿಲ್ ಹೆರೆದ ಚೂರು. ಮಗುವಿನ ನೆತ್ತಿಗೆ ಟಾಲ್ಕಂ ಪೌಡರ್. ನಲವತ್ತೊಂದನೇ ಡಬ್ಬಿ ಹಸುವಿನ ತುಪ್ಪ, ಅದಕ್ಕೆ ಹತ್ತಿರದ್ದು ಹತ್ತೊಂಬತ್ತನೆಯದು, ವನಸ್ಪತಿ.

"ತುಪ್ಪವನ್ನ ಈ ಸಲವೇ ಕೊಟ್ಟುಬಿಡೋಣ ಸರ್" ಎಂದಿದ್ದಳು ಅವಳು. "ನಮ್ಮ ಜನಕ್ಕೆ ಅದು ಮುಖ್ಯ."

"ಮುಖ್ಯ ಅಂತಲೇ ಇಟ್ಟುಕೊಂಡಿರೋದು" ಎಂದು ಚಿದಂಬರ್ ನಕ್ಕರು. "ಪಂಕ್ತಿಯಲ್ಲಿ ನೋಡಿಲ್ವಾ? ತುಪ್ಪ ಬಡಿಸೋವರೆಗೂ ಯಾರೂ ಎಲೆಗೆ ಕೈ ಹಾಕೋದಿಲ್ಲ. ಕಾಯ್ತಾರೆ. ಕಾಯಲಿ, ಐದು ವರ್ಷ."

ಮಂದಾಕಿನಿಯ ಮನೆ ಚಾಮುಂಡಿಪುರಂನಲ್ಲಿ. ಗಂಡ ಶ್ರೀವತ್ಸ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅತ್ತೆ ಕನಕಲಕ್ಷ್ಮಮ್ಮನವರಿಗೆ ಅರವತ್ತೆಂಟು ವರ್ಷ, ಕಣ್ಣು ಕಿವಿ ನಾಲಿಗೆ ಮೂರೂ ಚುರುಕು. ನಾದಿನಿ ವಾರಿಜಳ ಮದುವೆ ಹಿಂದಿನ ವರ್ಷವಷ್ಟೇ ಆಗಿತ್ತು, ಹಾಸನದ ಕಡೆ ಸಂಬಂಧ. ಬೀಗರು ಲಕ್ಷ್ಮೀಕಾಂತಯ್ಯನವರು ಶಿಸ್ತಿಗೆ ಹೆಸರಾದವರು. ಹೊರಗೆ ಕಾಫಿ ಕೂಡ ಕುಡಿಯುವುದಿಲ್ಲ ಎಂದು ತಾವೇ ಎಲ್ಲರಿಗೂ ಹೇಳುತ್ತಿದ್ದರು. ಮದುವೆಯ ವಿಡಿಯೋ ತೆಗೆಸಿದ್ದು ಗಂಧವಾಹದ ಕ್ಯಾಮೆರಾದಲ್ಲೇ.

ಇಪ್ಪತ್ನಾಲ್ಕರ ಪೆಟ್ಟಿಗೆ ಅಂಗಡಿಗೆ ಬಂದ ವಾರವೇ ಕನಕಲಕ್ಷ್ಮಮ್ಮ ಅದನ್ನು ಕೊಂಡು ತಂದರು. ಸೊಸೆ ಬೇಡವೆಂದು ಎರಡು ಸಲ ಹೇಳಿದಳು. ಯಾಕೆ ಬೇಡ ಎಂದು ಕೇಳಿದರೆ ಹೇಳುವ ಹಾಗಿರಲಿಲ್ಲ. ಭಾನುವಾರ ಬೀಗರನ್ನೂ ಕರೆದರು. ಲಕ್ಷ್ಮೀಕಾಂತಯ್ಯ, ಅವರ ಹೆಂಡತಿ, ಮಗ, ವಾರಿಜ ಎಲ್ಲ ಬಂದು ನಡುಮನೆಯಲ್ಲಿ ಕೂತರು.

ಮುಹೂರ್ತದ ಭಾಗ ಚೆನ್ನಾಗಿಯೇ ಹೋಯಿತು. ಹೋಮದ ಹೊಗೆಗೆ ವಾರಿಜಳ ಅತ್ತೆ ಕಣ್ಣು ಕೂಡ ಒರೆಸಿಕೊಂಡರು. ಆಮೇಲೆ ಊಟದ ಪಂಕ್ತಿ ಬಂತು. ಬಾಳೆಲೆ, ಕೋಸಂಬರಿ, ಹುಳಿ. ಅಡುಗೆಯ ಪದ್ದಣ್ಣ ಸ್ವತಃ ಕೊಳದಪ್ಪಲೆ ಹಿಡಿದು ಹೋಳಿಗೆಯ ಮೇಲೆ ಧಾರೆಯಾಗಿ ತುಪ್ಪ ಸುರಿಯುತ್ತಾ ಬಂದರು. ಪೆಟ್ಟಿಗೆಯಿಂದ ವನಸ್ಪತಿಯ ವಾಸನೆ ದಪ್ಪಗೆ, ಜಿಡ್ಡಾಗಿ ಹೊರಟು ನಡುಮನೆಯನ್ನೆಲ್ಲ ತುಂಬಿತು.

ಲಕ್ಷ್ಮೀಕಾಂತಯ್ಯ ಒಮ್ಮೆ ಮೂಗೆಳೆದರು. ಇನ್ನೊಮ್ಮೆ ಎಳೆದರು.

"ಕನಕಮ್ಮನವರೇ, ತುಪ್ಪ ಅಂದಿದ್ರಿ."

"ತುಪ್ಪವೇ ಬೀಗರೇ! ನಾನೇ ನಿಂತು ಕಾಯಿಸಿದ್ದು!"

"ಯಂತ್ರ ಸುಳ್ಳು ಹೇಳುತ್ತಾ? ಇರಲಿ ಬಿಡಿ. ನಾನ್ನೂರು ಎಲೆ ಅಂದ್ರೆ ನಿಮಗೂ ಕಷ್ಟವೇ. ಮೊದಲೇ ಹೇಳಿದ್ರೆ ನಾವೇ ಎರಡು ಡಬ್ಬ ತರ್ತಿದ್ವಿ."

ಕನಕಲಕ್ಷ್ಮಮ್ಮನವರ ಮುಖ ಕೆಂಪಾಯಿತು. ವಾರಿಜ ತಲೆ ತಗ್ಗಿಸಿದಳು. ಬೀಗರು ಅವತ್ತು ಊಟಕ್ಕೆ ನಿಲ್ಲಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂದಾಕಿನಿಗೆ ತಾನು ಒಂದು ಮಧ್ಯಾಹ್ನ ಬರೆದ ಒಂದು ಸಾಲು ಈ ಮನೆಯೊಳಗೆ ಬಂದು ಕೂತ ಹಾಗಾಯಿತು.

ನಾಲ್ಕು ದಿನ ಬಿಟ್ಟು ಪದ್ದಣ್ಣನವರೇ ಮನೆಗೆ ಬಂದರು. ಪೂರ್ತಿ ಹೆಸರು ಅನಂತಪದ್ಮನಾಭಯ್ಯ, ಅದನ್ನು ಯಾರೂ ಕರೆದದ್ದಿಲ್ಲ. ಮೂವತ್ತೈದು ವರ್ಷದಿಂದ ಮೈಸೂರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡಿದವರು. ಬೇರೆಯವರು ತುಪ್ಪದ ಜೊತೆ ಏನೇನೋ ಬೆರೆಸುತ್ತಿದ್ದ ಕಾಲದಲ್ಲಿ ಇವರ ಹೆಸರು ನಿಂತದ್ದೇ ಶುದ್ಧ ತುಪ್ಪದ ಮೇಲೆ. ಈಗ ಮೈಸೂರಿನ ಮನೆಮನೆಯಲ್ಲೂ ಹಳೆಯ ಮದುವೆಯ ವಿಡಿಯೋಗಳು ಹೊಸ ಪೆಟ್ಟಿಗೆಯಲ್ಲಿ ಓಡುತ್ತಿದ್ದವು. ನಿಜವಾಗಿ ವನಸ್ಪತಿ ಹಾಕಿದ್ದ ಅಡುಗೆಯವರ ಊಟದಿಂದಲೂ, ತುಪ್ಪ ಹಾಕಿದ್ದವರ ಊಟದಿಂದಲೂ ಬಂದದ್ದು ಒಂದೇ ವಾಸನೆ. ಮೊದಲಿನವರಿಗೆ ಹೋಗಲು ಹೆಸರೇ ಇರಲಿಲ್ಲ. ಎಲ್ಲ ಹೋದದ್ದು ಪದ್ದಣ್ಣನವರದು.

"ವನಸ್ಪತಿ ಪದ್ದಣ್ಣ ಅಂತಾರೆ ತಾಯಿ, ಮಾರ್ಕೆಟ್ಟಿನಲ್ಲಿ" ಎಂದರು ಅವರು, ಜಗಲಿಯ ಮೇಲೆ ಕೂತು. "ಈ ಮಾಘದಲ್ಲಿ ಆರು ಮದುವೆ ಒಪ್ಪಿಕೊಂಡಿದ್ದೆ. ನಾಲ್ಕು ಮನೆಯವರು ಫೋನ್ ಮಾಡಿ ಬೇಡ ಅಂದ್ರು. ಐದನೆಯವರು ಫೋನೂ ಮಾಡಲಿಲ್ಲ. ನಿಮ್ಮ ಮನೆಯ ತುಪ್ಪ ನೀವೇ ನೋಡಿದ್ರಲ್ಲ. ನೀವೊಬ್ಬರು ಹೇಳಿದ್ರೆ ಸಾಕು."

ಕನಕಲಕ್ಷ್ಮಮ್ಮ ಅವರಿಗೆ ನೀರು ಬೆಲ್ಲ ತಂದಿಟ್ಟರು. "ನಾನು ಹೇಳಿದ್ರೆ ಯಾರು ನಂಬ್ತಾರೆ ಪದ್ದಣ್ಣ? ಕಳ್ಳನಿಗೆ ಕಳ್ಳ ಸಾಕ್ಷಿ ಅಂತಾರೆ. ಜಿಪುಣಿ ಅನ್ನೋ ಹೆಸರು ನನಗೂ ಬಂದಿದೆ." ಆಮೇಲೆ ಸೊಸೆಯ ಕಡೆ ತಿರುಗಿದರು. "ಮಂದಾ, ನಿಮ್ಮ ಯಂತ್ರ ಸುಳ್ಳು ಹೇಳುತ್ತೇನೇ?"

ಮಂದಾಕಿನಿ, "ನೋಡ್ತೀನಿ ಅತ್ತೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ವಾರಿಜಳ ಮದುವೆಯ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಬೀಗವಿಲ್ಲದ ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ಊಟದ ಭಾಗವನ್ನು ಹಾಕಿದಳು. ಪದ್ದಣ್ಣ ಕೊಳದಪ್ಪಲೆ ಬಗ್ಗಿಸಿದರು. ತುಪ್ಪ! ಹದವಾಗಿ ಕಾಯಿಸಿ, ವೀಳ್ಯದೆಲೆ ಹಾಕಿ ಇಳಿಸಿದ ಹಸುವಿನ ತುಪ್ಪ. ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟು, "ಊಟದ ಹೊತ್ತಾಯ್ತಾ ಮೇಡಂ?" ಎಂದು ಕೇಳಿದರು.

ಅಲ್ಲಿಂದ ನೇರ ಚಿದಂಬರರ ಕೋಣೆಗೆ ಹೋದಳು. ಅವರು ಕೈ ಕಟ್ಟಿಕೊಂಡು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಪಾಪ" ಎಂದರು. "ಆದ್ರೆ ಇನ್ನು ಐದೇ ವರ್ಷ. ನಲವತ್ತೆಂಟರ ಪೆಟ್ಟಿಗೆ ಬಂದ ದಿನ ಅವರ ಹೆಸರು ತಾನಾಗಿ ಸರಿಹೋಗುತ್ತೆ. ಅಲ್ಲಿವರೆಗೆ ಕಾಯೋಕೆ ಹೇಳಿ."

"ಅವರಿಗೆ ಅರವತ್ತೆರಡು ವರ್ಷ ಸರ್."

"ಹಾಗಾದ್ರೆ ಅರವತ್ತೇಳಕ್ಕೆ. ದೊಡ್ಡ ವಯಸ್ಸೇನಲ್ಲ."

"ಹೋಗಲಿ, ತುಪ್ಪದ ಕಡೆ ವನಸ್ಪತಿ ಬರೋದನ್ನಾದ್ರೂ ನಿಲ್ಲಿಸೋಣ. ಖಾಲಿ ಇರಲಿ."

"ಖಾಲಿ ಬಿಟ್ರೆ ಏನೋ ಬಚ್ಚಿಟ್ಟಿದ್ದೀವಿ ಅಂತ ಜನಕ್ಕೆ ಗೊತ್ತಾಗುತ್ತೆ" ಎಂದರು ಚಿದಂಬರ್. "ನಿಮ್ಮ ನೆಂಟರ ಪಟ್ಟಿ ತುಂಬಾ ಚೆನ್ನಾಗಿದೆ ಮಂದಾಕಿನಿ. ಅದಕ್ಕೇ ಹೋದ ಸಲ ನಿಮಗೆ ಬಡ್ತಿ ಬಂದದ್ದು."

ಅಷ್ಟು ಹೊತ್ತಿಗೆ ಪದ್ದಣ್ಣ ಗ್ರಾಹಕರ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಮೊದಲ ದಿನವೇ ಕಂಪನಿಯ ವಕೀಲರು ಎದ್ದು, ಈ ಮನುಷ್ಯ ನಮ್ಮ ಪೆಟ್ಟಿಗೆ ಕೊಂಡವನೇ ಅಲ್ಲ, ಗ್ರಾಹಕನೇ ಅಲ್ಲದವನಿಗೆ ಇಲ್ಲೇನು ಕೆಲಸ ಎಂದು ಕೇಳಿದರು. ಪದ್ದಣ್ಣ ಮುಖ ಇಳಿಸಿಕೊಂಡು ವಾಪಸು ಬಂದು ಇದನ್ನು ಹೇಳಿದಾಗ ಕನಕಲಕ್ಷ್ಮಮ್ಮ ತರಕಾರಿ ಹೆಚ್ಚುತ್ತಿದ್ದರು. ಈಳಿಗೆ ಮಣೆಯಿಂದ ಎದ್ದರು.

"ಪೆಟ್ಟಿಗೆ ಕೊಂಡವಳು ನಾನು. ರಸೀದಿ ಇದೆ. ನಾನು ಹಾಕ್ತೀನಿ ಕೇಸು."

"ಅಮ್ಮ, ಅದು ಮಂದಾಕಿನಿ ಕಂಪನಿ" ಎಂದ ಶ್ರೀವತ್ಸ.

"ಗೊತ್ತು. ನಾನೇನು ಮಂದಾಕಿನಿ ಮೇಲೆ ಹಾಕ್ತಿದ್ದೀನಾ?"

ಆದರೆ ಕಂಪನಿ ತನ್ನ ಪರವಾಗಿ ಹೇಳಿಕೆ ಕೊಡಲು ಆರಿಸಿದ್ದು ಮಂದಾಕಿನಿಯನ್ನೇ. ಯಂತ್ರದ ವಿಷಯ ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ, ಮೇಲಾಗಿ ಅತ್ತೆಯ ಎದುರಿಗೆ ಸೊಸೆಯೇ ನಿಂತು ಪೆಟ್ಟಿಗೆ ಸರಿಯಾಗಿದೆ ಎಂದರೆ ಅದಕ್ಕಿಂತ ಸಾಕ್ಷಿ ಬೇಕೆ ಎಂದು ವಕೀಲರ ಎಣಿಕೆ. ಮನೆಯಲ್ಲಿ ಒಂದು ತಿಂಗಳು ವಿಚಿತ್ರವಾಗಿತ್ತು. ಕನಕಲಕ್ಷ್ಮಮ್ಮ ಜಗಳವಾಡಲಿಲ್ಲ. "ಕೋರ್ಟಿನಲ್ಲಿ ನೀನು ಅವರ ಕಡೆ, ನಾನು ಇವರ ಕಡೆ. ಅಲ್ಲಿ ನಾನು ನಿನ್ನ ಅತ್ತೆ ಅಲ್ಲ. ಸಾರಿಗೆ ಉಪ್ಪು ಹಾಕಿದ್ದೀನಿ, ಮತ್ತೆ ಹಾಕಬೇಡ" ಎಂದು ಹೇಳಿ ತಮ್ಮ ಕಾಗದಪತ್ರಗಳನ್ನು ಹಿಡಿದು ಕೋಣೆಗೆ ಹೋಗುತ್ತಿದ್ದರು.

ವಿಚಾರಣೆಯ ಹಿಂದಿನ ದಿನ ಶ್ರೀವತ್ಸ ಹೆಂಡತಿಯನ್ನು ಕೇಳಿದ. "ನಿಜ ಹೇಳು. ಏನು ವಿಷಯ?"

"ಸಹಿ ಹಾಕಿದ್ದೀನಿ ರೀ. ಹೇಳೋ ಹಾಗಿಲ್ಲ."

ಶ್ರೀವತ್ಸ ತಲೆಯಾಡಿಸಿದ. "ಹೇಳೋ ಹಾಗಿಲ್ಲ ಅಂದ್ಯಲ್ಲ, ಅಲ್ಲಿಗೆ ಮುಕ್ಕಾಲು ಹೇಳಿದ ಹಾಗಾಯ್ತು. ಮಿಕ್ಕ ಕಾಲು ಭಾಗ ನಾಳೆ ಅಮ್ಮನ ಎದುರಿಗೆ ಏನು ಹೇಳ್ತೀಯೋ ನೋಡು."

ನ್ಯಾಯಾಲಯದ ಕೋಣೆ ಅವತ್ತು ತುಂಬಿತ್ತು. ಮೈಸೂರಿನ ಅಡುಗೆಯವರೆಲ್ಲ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಹಾಸನದಿಂದ ಲಕ್ಷ್ಮೀಕಾಂತಯ್ಯನವರೂ ಹೆಂಡತಿ ಮತ್ತು ವಾರಿಜಳ ಜೊತೆ ಬಂದಿದ್ದರು. ತುಪ್ಪದ ವಿಷಯ ತೀರ್ಮಾನವಾಗಲಿ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬೇಡ ಎಂದು ದೊಡ್ಡತನದಿಂದ ಹೇಳಿ ಮುಂದಿನ ಸಾಲಿನಲ್ಲೇ ಕೂತರು. ಮೇಜಿನ ಮೇಲೆ ಕನಕಲಕ್ಷ್ಮಮ್ಮನವರ ಪೆಟ್ಟಿಗೆ, ಪಕ್ಕದಲ್ಲಿ ಟಿವಿ.

ಅಧ್ಯಕ್ಷರು ಐವತ್ತು ದಾಟಿದ ಹೆಂಗಸು, ಗಂಭೀರ ಮುಖ. ಅವರಿಗೆ ಅವತ್ತು ವಿಪರೀತ ನೆಗಡಿ.

"ನನ್ನ ಮೂಗು ಎರಡು ದಿನದಿಂದ ಕಟ್ಟಿದೆ" ಎಂದರು. "ಶಿರಸ್ತೇದಾರ್ ಬೋರಯ್ಯನವರು ಮೂಸಿ ಹೇಳ್ತಾರೆ. ಅದನ್ನೇ ದಾಖಲೆ ಅಂತ ಬರೆದುಕೊಳ್ಳಿ."

ಬೋರಯ್ಯ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಇಂಥ ಜವಾಬ್ದಾರಿ ಹೊತ್ತಿರಲಿಲ್ಲ. ಕರವಸ್ತ್ರದಿಂದ ಮೂಗು ಒರೆಸಿಕೊಂಡು ಪೆಟ್ಟಿಗೆಯ ಪಕ್ಕ ನಿಂತರು. ಊಟದ ಭಾಗ ಓಡಿಸಿದರು.

"ಹುಳಿ, ಮೇಡಂ. ಬಾಳೆಲೆ. ಈಗ... ವನಸ್ಪತಿ. ಸಂಶಯವೇ ಇಲ್ಲ."

ವಕೀಲರು ಸಂತೋಷದಿಂದ ಕೂತರು. ಆಗ ಪದ್ದಣ್ಣ ಎದ್ದು ಕೈ ಮುಗಿದರು. "ಅಪ್ಪಣೆಯಾದ್ರೆ ನಾನೂ ಒಂದು ಸಲ ಮೂಸಬಹುದಾ ತಾಯಿ? ಯಂತ್ರ ನಿಲ್ಲಿಸಿಯೇ."

ಯಂತ್ರ ನಿಲ್ಲಿಸಿದರು. ಪದ್ದಣ್ಣ ಪೆಟ್ಟಿಗೆಯ ಹತ್ತಿರ ಬಂದು, ಕೈ ಹಿಂದಕ್ಕೆ ಕಟ್ಟಿಕೊಂಡು, ಅದರ ಬೆನ್ನಿನ ಸೀಳುಗಳ ಮೇಲೆ ಮೂಗನ್ನು ನಿಧಾನವಾಗಿ ಓಡಿಸಿದರು. ಕುದಿಯುವ ಪಾತ್ರೆಗಳ ಸಾಲಿನಲ್ಲಿ ಯಾವುದಕ್ಕೆ ಉಪ್ಪು ಬಿದ್ದಿಲ್ಲ ಎಂದು ಬರೀ ಹಬೆಯಿಂದ ಹೇಳುತ್ತಿದ್ದ ಮೂಗು ಅದು. ಒಂದು ಕಡೆ ನಿಂತರು. ಒಂದು ಬೆರಳು ಹಿಂದೆ ಬಂದರು. ಮತ್ತೆ ನಿಂತರು.

"ನಾಲ್ಕನೇ ಸಾಲು, ಎಡಗಡೆಯಿಂದ ಐದು. ಇಲ್ಲಿ ತುಪ್ಪ ಇದೆ" ಎಂದರು. "ಹಸುವಿನದೇ. ಒಂದು ಕುದಿ ಜಾಸ್ತಿ ಕಾಯಿಸಿದ್ದಾರೆ, ತಳ ಸ್ವಲ್ಪ ಹಿಡಿದಿದೆ."

ಆ ಮಾದರಿ ಕಾಯಿಸಿದವಳು ಮಂದಾಕಿನಿಯೇ. ನಡುವೆ ಫೋನ್ ಬಂದು ತಳ ಹಿಡಿದಿತ್ತು. ಅದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ.

ವಕೀಲರು ಎದ್ದು ಕೂಗಾಡಿದರು. ಅಡುಗೆಯವರ ಮೂಗು ಕಾನೂನಿನಲ್ಲಿ ಸಾಕ್ಷ್ಯವಲ್ಲ, ಮುಚ್ಚಿದ ಡಬ್ಬಿಯ ವಾಸನೆ ಹೇಳಲು ಈತನೇನು ದೇವರೇ ಎಂದರು. ಅಧ್ಯಕ್ಷರು ಕೈ ಎತ್ತಿ ಅವರನ್ನು ಕೂರಿಸಿ, ಮಂದಾಕಿನಿಯ ಕಡೆ ನೋಡಿದರು.

"ನೀವು ಪ್ರಮಾಣ ಮಾಡಿದ್ದೀರಿ. ಇದರೊಳಗೆ ತುಪ್ಪ ಇದೆಯೋ ಇಲ್ಲವೋ?"

ಒಂದು ಕಡೆ ಚಿದಂಬರ್ ಕೂತಿದ್ದರು, ಸಣ್ಣಗೆ ನಗುತ್ತಾ. ಇನ್ನೊಂದು ಕಡೆ ಅತ್ತೆ. ಅವರು ಸೊಸೆಯನ್ನು ನೋಡುತ್ತಿರಲಿಲ್ಲ. ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ತನ್ನನ್ನು ಕಷ್ಟಕ್ಕೆ ಸಿಕ್ಕಿಸಬಾರದೆಂದು ಹಾಗೆ ಮಾಡುತ್ತಿದ್ದಾರೆ ಎಂಬುದು ಮಂದಾಕಿನಿಗೆ ತಟ್ಟನೆ ಹೊಳೆಯಿತು. ಪದ್ದಣ್ಣ ಮಾತ್ರ ನೇರವಾಗಿ ನೋಡುತ್ತಿದ್ದರು.

"ಇದೆ" ಎಂದಳು ಅವಳು. "ನಲವತ್ತೊಂದನೇ ಡಬ್ಬಿ. ತೊಂಬತ್ತಾರೂ ಇವೆ ಮೇಡಂ. ಎಲ್ಲ ಪೆಟ್ಟಿಗೆಗಳಲ್ಲೂ, ಮೊದಲ ದಿನದಿಂದಲೂ. ಬೀಗ ಹಾಕಿದ್ದೀವಿ, ಅಷ್ಟೇ. ತುಪ್ಪದ ಬದಲು ವನಸ್ಪತಿ ಬರಲಿ ಅಂತ ಬರೆದವಳು ನಾನೇ."

ಕೋಣೆಯಲ್ಲಿ ಗದ್ದಲವೆದ್ದಿತು. ಅಧ್ಯಕ್ಷರು ಮೇಜು ಕುಟ್ಟಿದರು. "ಬೀಗ ತೆಗೆಯೋದು ಹೇಗೆ?"

"ರಿಮೋಟಿನಲ್ಲಿ ಒಂಬತ್ತು ಆರು, ಒಂಬತ್ತು ಆರು ಒತ್ತಬೇಕು."

"ಅಷ್ಟೇನಾ?"

"ಅಷ್ಟೇ ಮೇಡಂ."

ರಿಮೋಟು ಕನಕಲಕ್ಷ್ಮಮ್ಮನವರ ಕೈಯಲ್ಲಿತ್ತು. ಒತ್ತಿದರು. ವಿಡಿಯೋ ಮತ್ತೆ ಓಡಿತು. ಪದ್ದಣ್ಣ ಕೊಳದಪ್ಪಲೆ ಬಗ್ಗಿಸಿದ್ದೇ ತಡ, ಕೋಣೆಯ ಈ ತುದಿಯಿಂದ ಆ ತುದಿಗೆ ತುಪ್ಪ ಹರಡಿತು. ಹಿಂದಿನ ಬೆಂಚಿನ ಅಡುಗೆಯವರು ಎದ್ದು ನಿಂತರು. ಯಾರದೋ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ತುಪ್ಪ ಮೇಡಂ!" ಎಂದು ಬೋರಯ್ಯ ಕೂಗಿದರು. "ಹೋಳಿಗೆ ಮೇಲೆ ತುಪ್ಪ!"

ಪದ್ದಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡರು. ಕನಕಲಕ್ಷ್ಮಮ್ಮ ಬೀಗರ ಕಡೆ ತಿರುಗಿ, "ಈಗೇನಂತೀರಿ?" ಎಂದರು. ಲಕ್ಷ್ಮೀಕಾಂತಯ್ಯ ಎದ್ದು ಕೈ ಮುಗಿದರು. "ತಪ್ಪಾಯ್ತು ಕನಕಮ್ಮನವರೇ. ನಿಮ್ಮ ಮೇಲೆ ಅನುಮಾನ ಪಟ್ಟೆ."

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ವಿಡಿಯೋ ನಿಲ್ಲಿಸುವ ಗುಂಡಿ ಯಾವುದೆಂದು ಕನಕಲಕ್ಷ್ಮಮ್ಮನವರಿಗೆ ಗೊತ್ತಿರಲಿಲ್ಲ. ಅವರು ಯಾವುದನ್ನೋ ಒತ್ತಿದ್ದರಿಂದ ಅದು ಸ್ವಲ್ಪ ಮುಂದಕ್ಕೆ ಓಡಿ, ಛತ್ರದ ಹಿತ್ತಿಲಿಗೆ ಬಂತು. ಪರದೆಯ ಮೇಲೆ ಲಕ್ಷ್ಮೀಕಾಂತಯ್ಯನವರು ತಮ್ಮ ಭಾವಮೈದುನನ ಜೊತೆ ತೆಂಗಿನ ಮರದ ಕೆಳಗೆ ನಿಂತು ಕ್ಯಾಮೆರಾಗೆ ಕೈ ಬೀಸುತ್ತಿದ್ದರು. ಬೋರಯ್ಯ ಕರ್ತವ್ಯ ಬಿಡಲಿಲ್ಲ.

"ಏಲಕ್ಕಿ ಮೇಡಂ. ತುಂಬಾ ಏಲಕ್ಕಿ. ಅದರ ಹಿಂದೆ..." ಎಂದು ನಿಂತುಬಿಟ್ಟರು.

"ಹಿಂದೆ ಏನು?" ಎಂದರು ಅಧ್ಯಕ್ಷರು, ಬರೆದುಕೊಳ್ಳುತ್ತಾ.

ಬೋರಯ್ಯ ಮುಂದಿನ ಸಾಲನ್ನು ನೋಡಿದರು, ಪರದೆಯನ್ನು ನೋಡಿದರು. "ಬ್ರಾಂದಿ, ಮೇಡಂ."

ಲಕ್ಷ್ಮೀಕಾಂತಯ್ಯನವರು ಮುಗಿದ ಕೈಯನ್ನು ಇಳಿಸಲು ಮರೆತು ಹಾಗೇ ನಿಂತಿದ್ದರು. ಅವರ ಹೆಂಡತಿ ಪಕ್ಕದಿಂದ ಎದ್ದು, ಹೊರಗೆ ನಡೆದರು. ವಾರಿಜ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಮಂದಾಕಿನಿ ಹತ್ತಿರ ಹೋದರೆ ಅವಳು ನಗು ತಡೆಯುತ್ತಿದ್ದಳು.

ಪದ್ದಣ್ಣನವರ ಹೆಸರು ಮರಳಿ ಬಂತು. ನೆಂಟರ ಪಟ್ಟಿ ರದ್ದಾಗಬೇಕು, ಕಂಪನಿ ಪತ್ರಿಕೆಗಳಲ್ಲಿ ತಪ್ಪೊಪ್ಪಿಗೆ ಹಾಕಬೇಕು ಎಂದು ಆದೇಶವಾಯಿತು. ಬೇಡವೆಂದಿದ್ದ ನಾಲ್ಕು ಮನೆಯವರೂ ತಾಂಬೂಲ ಹಿಡಿದು ಅವರ ಬಾಗಿಲಿಗೆ ಬಂದರು. ಪದ್ದಣ್ಣ ಎಲ್ಲರಿಗೂ ಒಪ್ಪಿಕೊಂಡರು, ಒಂದೇ ಷರತ್ತು: ಕ್ಯಾಮೆರಾ ಅಡುಗೆಮನೆಯೊಳಕ್ಕೆ ಬರಕೂಡದು.

ಆದರೆ ಒಂಬತ್ತು ಆರು ಒಂಬತ್ತು ಆರು ಅನ್ನುವುದು ಸಂಜೆಯೊಳಗೆ ಮೈಸೂರಿಗೆ, ವಾರದೊಳಗೆ ರಾಜ್ಯಕ್ಕೆಲ್ಲ ಬಾಯಿಪಾಠವಾಗಿತ್ತು. ಜನ ತಮ್ಮ ತಮ್ಮ ಪೆಟ್ಟಿಗೆಯ ಬೀಗ ತೆಗೆದು ಹಳೆಯ ವಿಡಿಯೋಗಳ ಮುಂದೆ ಸಡಗರದಿಂದ ಕೂತರು. ಹತ್ತು ನಿಮಿಷಕ್ಕೆ ಎದ್ದರು. ಗೃಹಪ್ರವೇಶದಲ್ಲಿ ಸಿಗರೇಟು ಹೊರಬಂತು. ನಾಮಕರಣದಲ್ಲಿ, ತೊಟ್ಟಿಲ ಮೇಲೆ ಬಗ್ಗಿದ್ದ ಹಿರಿಯರ ನಶ್ಯ ಹೊರಬಂತು. ಗಂಡ ಅವತ್ತು ಆಫೀಸಿನಿಂದ ಬಂದೆನೆಂದು ಹೇಳಿದ್ದ ವಿಡಿಯೋದಲ್ಲಿ ಮಿಲಿಟರಿ ಹೋಟೆಲಿನ ಮಸಾಲೆ ಹೊರಬಂತು. ವಿಜಯನಗರದ ಒಂದು ಮನೆಯಲ್ಲಂತೂ ಹತ್ತು ವರ್ಷದಿಂದ ಮಡಿ ಎಂದು ಯಾರನ್ನೂ ಮುಟ್ಟಿಸಿಕೊಳ್ಳದ ಅಜ್ಜಿಯ ಸೆರಗಿನಿಂದ ಈರುಳ್ಳಿ ಬೋಂಡ ಹೊರಬಂತು.

ಮೂರನೇ ವಾರ ಚಿದಂಬರ್ ಮಂದಾಕಿನಿಯನ್ನು ಕರೆಸಿದರು. ಕೆಲಸ ಹೋಯಿತೆಂದೇ ತಿಳಿದು, ಮೇಜಿನ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡೇ ಅವಳು ಹೋದಳು. ಅ‍ವರು ಎದ್ದು ನಿಂತು ಕೈ ಕುಲುಕಿದರು.

"ನಿಮ್ಮಿಂದ ಕಂಪನಿ ಮುಳುಗಿತು ಅಂದುಕೊಂಡಿದ್ದೆ. ನೋಡಿ ಇದನ್ನ."

ಮೇಜಿನ ಮೇಲೆ ರಬ್ಬರಿನ ಒಂದು ಪುಟ್ಟ ಬಿರಡೆ ಇತ್ತು, ಕಡಲೆಕಾಳಿನಷ್ಟು.

"ಮರ್ಯಾದೆ ಬಿರಡೆ" ಎಂದರು ಚಿದಂಬರ್. "ಬೇಡದ ಡಬ್ಬಿಯ ಬಾಯಿಗೆ ಇದನ್ನ ಒತ್ತಿದ್ರೆ ಮುಗಿಯಿತು, ಆ ವಾಸನೆ ಮತ್ತೆ ಬರೋದಿಲ್ಲ. ಮೊನ್ನೆ ಅಂಗಡಿಗೆ ಬಿಟ್ಟಿದ್ದೀವಿ, ಬ್ರಾಂದಿಗೊಂದು, ಸಿಗರೇಟಿಗೊಂದು. ಬಾಗಿಲು ತೆಗೆಯೋ ಮೊದಲೇ ಸಾಲು. ಪೆಟ್ಟಿಗೆ ಕೊಳ್ಳೋಕೂ ಜನ ಹೀಗೆ ಬಂದಿರಲಿಲ್ಲ."

"ನಶ್ಯದ್ದು?"

"ಮುಂದಿನ ಯುಗಾದಿಗೆ. ಈರುಳ್ಳಿ ಬೋಂಡ ಅದರ ಮುಂದಿನ ವರ್ಷ." ಗೋಡೆಯ ಮೇಲೆ ಹೊಸದೊಂದು ವೇಳಾಪಟ್ಟಿ ತೂಗುತ್ತಿತ್ತು, ಹದಿನಾರು ವರ್ಷದ್ದು. "ಯಾವುದನ್ನ ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡೋಕೆ ಒಬ್ಬರು ಬೇಕು. ಬಿರಡೆ ವಿಭಾಗದ ಮುಖ್ಯಸ್ಥೆ. ಏನಂತೀರಿ?"

ಮಂದಾಕಿನಿ ಬಿರಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಮೇಜಿನ ಮೇಲೆ ಮೆಲ್ಲಗೆ ವಾಪಸಿಟ್ಟು, ಅವರ ಪೆನ್ನನ್ನೇ ಕೇಳಿ ಪಡೆದು, ಅಲ್ಲೇ ನಿಂತು ರಾಜೀನಾಮೆ ಬರೆದಳು. ಚಿದಂಬರ್ ಅದನ್ನು ಎರಡು ಸಲ ಓದಿದರು. "ನಾಳೆಯಿಂದ ಅಂತ ಬರೆದಿದ್ದೀರಿ" ಎಂದರು.

"ಹೌದು ಸರ್. ಇವತ್ತಿನ ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ ಹೇಳಿಬಿಟ್ಟಿದ್ದೀನಿ."

ಊಟ ಮಾಡಿಯೇ ಹೊರಟಳು. ಬಸ್ಸಿನ ಕಿಟಕಿಯಲ್ಲಿ ಗಾಳಿ ಬೀಸುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಕನಕಲಕ್ಷ್ಮಮ್ಮ ಹೂ ಕಟ್ಟುತ್ತಾ ಕೂತಿದ್ದರು.

"ಕೆಲಸ ಬಿಟ್ಟೆ ಅತ್ತೆ."

ಅತ್ತೆ ದಾರಕ್ಕೆ ಗಂಟು ಹಾಕಿ, ಸೊಸೆಯ ಮುಖವನ್ನು ಚೆನ್ನಾಗಿ ನೋಡಿದರು. "ಬಿಟ್ಟೆಯಾ? ಒಳ್ಳೇದಾಯ್ತು ಬಿಡು. ಕಾಲೇಜಿನಲ್ಲಿ ಪಾಠ ಹೇಳು, ನಿನಗೆ ಅದು ಹೊಂದುತ್ತೆ. ಕೂತ್ಕೋ, ಕಾಫಿ ತರ್ತೀನಿ." ಎದ್ದವರು ಅಡುಗೆಮನೆಯ ಹೊಸಿಲಲ್ಲಿ ನಿಂತು ತಿರುಗಿದರು. "ಇವತ್ತೇ ಕೊನೇ ದಿನವಾ?"

"ಹೌದು."

"ಹಾಗಾದ್ರೆ ಕಾಫಿ ಆಮೇಲೆ. ಸಿಬ್ಬಂದಿಗೆ ಕೊಡೋ ರಿಯಾಯಿತಿ ಸಂಜೆ ಐದರವರೆಗೂ ಇರುತ್ತಲ್ಲ? ಚಪ್ಪಲಿ ಬಿಡಬೇಡ, ನಡಿ, ಹೋಗಿ ಒಂದು ಬ್ರಾಂದಿ ಬಿರಡೆ ತರೋಣ."

"ನಮಗ್ಯಾಕತ್ತೆ ಅದು?"

"ನಮಗಲ್ಲ, ಹಾಸನಕ್ಕೆ. ಬೀಗಿತ್ತಿ ಮೂರು ವಾರದಿಂದ ಬೀಗರಿಗೆ ಬರೀ ಮಜ್ಜಿಗೆ ಅನ್ನ ಹಾಕ್ತಿದ್ದಾರಂತೆ, ವಾರಿಜ ಹೇಳಿದಳು." ಕನಕಲಕ್ಷ್ಮಮ್ಮ ಕಟ್ಟಿದ್ದಷ್ಟು ಹೂವನ್ನು ಸೊಸೆಯ ಮುಡಿಗೆ ಸಿಕ್ಕಿಸಿ, ಕೈಚೀಲ ತೆಗೆದುಕೊಂಡರು. "ಪಾಪ, ತಪ್ಪಾಯ್ತು ಅಂತ ಅಷ್ಟು ಜನರ ಮುಂದೆ ಕೈ ಮುಗಿದರು. ನಾವೂ ಅಷ್ಟು ಮಾಡದಿದ್ರೆ ಹೇಗೆ?"